ಊರಿಗೆ ಸೈಕಲ್ಲಿನ ಮೇಲೆ ಹೋಗುವವರು ಏನನ್ನು ಕೊಳ್ಳಬೇಕು?

ನಮ್ಮ ತರುಣ ಸದಸ್ಯರಲ್ಲಿ ಕೆಲವರು ಮುಂದಿನ ಪರ್ಯಾಯೋತ್ಸವಕ್ಕೆ ಚೆನ್ನೈಯಿಂದ ಉಡುಪಿಗೆ ಸೈಕಲ್ಲಿನ ಮೇಲೆಯೇ ಹೋಗಬೇಕೆಂದು ಮಾತನಾಡಿಕೊಂಡಿದ್ದಾರೆ. ಕೇಳಿ ನಮಗೆ ಸಂತೋಷವಾಯಿತು. ಹೋಟೆಲಿನ ಹೊಗೆಯಲ್ಲಿಯೋ ಮಿಲ್ಲಿನ ಹತ್ತಿಯ ಧೂಳಿನಲ್ಲಿಯೋ ವರ್ಷವಿಡೀ ಇರುವವರಿಗೆ ಹತ್ತು ದಿನ ಬಯಲ ಗಾಳಿ ಸಿಕ್ಕುವುದಾದರೆ ಬೇಡವೆನ್ನುವವರು ಯಾರು? ಆದರೆ ಈ ಮಾತಿನ ಬೆನ್ನಿಗೇ ಇನ್ನೊಂದು ಸುದ್ದಿಯೂ ನಮ್ಮ ಕಿವಿಗೆ ಬಿದ್ದಿದೆ. ಹೊರಡುವ ದಿನ ಗೊತ್ತಾಗುವ ಮೊದಲೇ ಒಬ್ಬಿಬ್ಬರು ಅಂಗಡಿಗೆ ಹೋಗಿ, ಇಪ್ಪತ್ತೊಂದು ಗೇರಿನ ಹೊಸ ಸೈಕಲ್ಲಿಗಾಗಿ ಕಂತಿನ ಕಾಗದಕ್ಕೆ ರುಜು ಹಾಕಲು ಸಿದ್ಧರಾಗಿದ್ದಾರಂತೆ. ನಮ್ಮ ತಕರಾರು ಇರುವುದು ಇಲ್ಲಿ.

ಊರಿಗೆ ಹೋಗುವವನು ಮನೆಯವರ ಕೈಗೆ ನಾಲ್ಕು ಕಾಸು ಕೊಟ್ಟು ಬರಬೇಕೆಂದು ಹೋಗುತ್ತಾನೆ. ಹೋಗುವ ವಾಹನಕ್ಕೇ ತಿಂಗಳುಗಟ್ಟಲೆ ಸಂಬಳವನ್ನು ಬರೆದುಕೊಟ್ಟರೆ ಆ ನಾಲ್ಕು ಕಾಸು ಎಲ್ಲಿಂದ ಬರಬೇಕು? ಅದೂ ಹೋಗಲಿ, ಕೊಟ್ಟ ಹಣಕ್ಕೆ ತಕ್ಕ ಸಾಮಾನಾದರೂ ಸಿಕ್ಕಿತೇ ಎಂದರೆ ಅದೂ ಇಲ್ಲ. ದೂರದ ಸವಾರಿಗೆ ಸೈಕಲ್ಲನ್ನು ಆರಿಸುವಾಗ ಅಂಗಡಿಯ ಗಾಜಿನೊಳಗೆ ಅದು ಹೇಗೆ ಕಾಣುತ್ತದೆ ಎಂದು ನೋಡಬಾರದು. ಆಂಬೂರಿನ ಹೊರಗೆ ಮಧ್ಯಾಹ್ನ ಎರಡು ಗಂಟೆಗೆ ಅದು ಮುರಿದು ನಿಂತರೆ, ಹತ್ತಿರದ ಅಂಗಡಿಯವನು ಅದನ್ನು ರಿಪೇರಿ ಮಾಡಿಕೊಡುತ್ತಾನೆಯೇ, ಬೇಕಾದ ಸಾಮಾನು ಅವನ ಡಬ್ಬಿಯಲ್ಲಿ ಇರುತ್ತದೆಯೇ ಎಂದು ನೋಡಬೇಕು. ಈ ಒಂದು ಪ್ರಶ್ನೆಯಿಂದ ಅಳೆದರೆ ಅರ್ಧಕ್ಕರ್ಧ ಆಸೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಮೊದಲು ದಾರಿಯನ್ನು ನೋಡೋಣ. ಇಲ್ಲಿಂದ ಶ್ರೀಪೆರಂಬುದೂರು, ಕಾಂಚೀಪುರ, ರಾಣಿಪೇಟೆ, ವೇಲೂರು, ಆಂಬೂರು, ವಾಣಿಯಂಬಾಡಿ, ಕೃಷ್ಣಗಿರಿ, ಹೊಸೂರುಗಳ ಮೇಲೆ ಬೆಂಗಳೂರಿಗೆ ಸುಮಾರು 345 ಕಿಲೋಮೀಟರು. ಅಲ್ಲಿಂದ ಕುಣಿಗಲ್, ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೆಚ್ಚುಕಡಿಮೆ ಮತ್ತೆ ಅಷ್ಟೇ. ಮಂಗಳೂರಿನಿಂದ ಉಡುಪಿಗೆ ಅರವತ್ತರ ಒಳಗೆ. ಒಟ್ಟು 750 ಕಿಲೋಮೀಟರು ಎಂದು ಇಟ್ಟುಕೊಳ್ಳಿ. ವೇಲೂರಿನವರೆಗೆ ನೆಲ ಬಹುಮಟ್ಟಿಗೆ ಸಪಾಟು. ವಾಣಿಯಂಬಾಡಿ ದಾಟಿದ ಮೇಲೆ ಏರು ಶುರುವಾಗಿ, ಕೃಷ್ಣಗಿರಿ, ಶೂಲಗಿರಿಗಳ ನಡುವೆ ಜಗ್ಗುತ್ತ ಜಗ್ಗುತ್ತ ಹೊಸೂರಿಗೆ ಹತ್ತಿಸುತ್ತದೆ. ಸಮುದ್ರದ ಮಗ್ಗುಲಲ್ಲಿ ಹೊರಟವರು ಬೆಂಗಳೂರು ಸೇರುವ ವೇಳೆಗೆ 900 ಮೀಟರಿಗೂ ಮೇಲೆ ಬಂದಿರುತ್ತಾರೆ. ಆ ಎತ್ತರವನ್ನೆಲ್ಲ ಸಕಲೇಶಪುರದಾಚೆ ಒಂದೇ ಸಲ ಇಳಿಯಬೇಕು. ಅಂದರೆ ಹೋಗುವಾಗ ಕಾಲಿಗೆ ಪರೀಕ್ಷೆ ಕೃಷ್ಣಗಿರಿಯಲ್ಲಿ, ಬ್ರೇಕಿಗೆ ಪರೀಕ್ಷೆ ಶಿರಾಡಿಯಲ್ಲಿ. ಸಾಮಾನಿನ ಆಯ್ಕೆ ಈ ಎರಡು ಜಾಗಗಳನ್ನು ನೆನಸಿಕೊಂಡು ನಡೆಯಬೇಕು.

ಇನ್ನು ಸೈಕಲ್ಲು. ಅಂಬತ್ತೂರಿನಲ್ಲಿ 1949ರಲ್ಲಿ ಟಿ. ಐ. ಸೈಕಲ್ಸ್ ಸ್ಥಾಪನೆಯಾದ ಮೇಲೆ ಹರ್ಕ್ಯುಲಿಸ್ ಸೈಕಲ್ಲು ಈ ಊರಿನ ಕೂಲಿಕಾರರ ಮನೆಮಾತಾಯಿತು. ಪೆರಂಬೂರಿನ ಬಿನ್ನಿ ಮಿಲ್ಲುಗಳಿಗೆ ಪಾಳಿಗೆ ಹೋಗುತ್ತಿದ್ದವರ ಹಳೆಯ ಸೈಕಲ್ಲುಗಳು, ಆ ಮಿಲ್ಲುಗಳು 1996ರಲ್ಲಿ ಮುಚ್ಚಿದ ಮೇಲೆಯೂ ಎಷ್ಟೋ ಮನೆಗಳ ಮೆಟ್ಟಿಲ ಕೆಳಗೆ ನಿಂತಿವೆ. ಇಪ್ಪತ್ತೆಂಟು ಇಂಚಿನ ಚಕ್ರ, ಕಬ್ಬಿಣದ ಕೊಳವೆ, ಸರಳಿನ ಬ್ರೇಕು, ಇಪ್ಪತ್ತು ಕಿಲೋದ ಆಸುಪಾಸಿನ ತೂಕ. ಭಾರವೆನ್ನುವುದು ನಿಜ. ಆದರೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗ್ಯಾಸಿನ ಸಿಲಿಂಡರು, ಇವುಗಳನ್ನೆಲ್ಲ ಹೊತ್ತು ತೋರಿಸಿರುವ ಸೈಕಲ್ಲು ಅದು. ಅದರ ಟೈರು ಟ್ಯೂಬು ಸಣ್ಣ ಪೇಟೆಗಳಲ್ಲಿ ಈಗಲೂ ಸಿಕ್ಕುತ್ತದೆ. ಅದನ್ನು ಬಿಚ್ಚಿ ಜೋಡಿಸಲು ಸ್ಪ್ಯಾನರು, ಸುತ್ತಿಗೆಗಳಿಗಿಂತ ಹೆಚ್ಚಿನ ಆಯುಧ ಬೇಡ. ಮನೆಯಲ್ಲಿ ಇಂಥದು ಇದ್ದರೆ ಹೊಸದನ್ನು ಕೊಳ್ಳುವ ಮಾತೇ ಬೇಡ. ಇಲ್ಲವಾದರೆ ಚೌಕಟ್ಟು ಬಿರುಕಿಲ್ಲದ ಹಳೆಯದೊಂದನ್ನು ಕೊಂಡು, ಉಳಿದ ದುಡ್ಡಿನಲ್ಲಿ ಅದರ ಮೈಯನ್ನೆಲ್ಲ ಹೊಸದು ಮಾಡಿಸಬಹುದು.

ಗೇರು ಸೈಕಲ್ಲೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ದೂರ ಪ್ರವಾಸಕ್ಕೆಂದೇ ಮಾಡಿದ, ಉಕ್ಕಿನ ಚೌಕಟ್ಟಿನ, ಮೂವತ್ತಾರು ಕಡ್ಡಿಯ ಚಕ್ರದ ಒಳ್ಳೆಯ ಗೇರು ಸೈಕಲ್ಲುಗಳು ಪ್ರಪಂಚದಲ್ಲಿ ಇವೆ. ಕೊಳ್ಳಬಲ್ಲವರು ಕೊಳ್ಳಲಿ. ನಮ್ಮ ಜೇಬಿಗೆ ನಿಲುಕುವಂತೆ ಅಂಗಡಿಯಲ್ಲಿ ತೂಗುಹಾಕಿರುವುದು ಅವುಗಳ ವೇಷ ಮಾತ್ರ. ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗು ಇರುತ್ತದೆ. ಅದು ತೂಕವನ್ನು ಹೆಚ್ಚಿಸಿ, ಏರಿನಲ್ಲಿ ತುಳಿದ ಶಕ್ತಿಯಲ್ಲಿ ಒಂದು ಪಾಲನ್ನು ತಾನೇ ಕುಣಿದು ತಿಂದುಬಿಡುತ್ತದೆ. ಹಿಂದಿನ ಚಕ್ರದ ಪಕ್ಕದಲ್ಲಿ ನೇತಾಡುವ ಗೇರಿನ ತೋಳು ಒಮ್ಮೆ ಬಲಮಗ್ಗುಲಿಗೆ ಬಿದ್ದರೆ ಬಾಗುತ್ತದೆ. ಬಾಗಿದ ಮೇಲೆ ಚೈನು ಹಲ್ಲಿನ ಮೇಲೆ ನಿಲ್ಲುವುದಿಲ್ಲ. ಶೂಲಗಿರಿಯಲ್ಲಿ ಅದನ್ನು ನೆಟ್ಟಗೆ ಮಾಡುವವರು ಯಾರು? ಸಾಮಾನು ಕಟ್ಟಲು ಕ್ಯಾರಿಯರು ಇಲ್ಲ, ಮಡ್‌ಗಾರ್ಡು ಇಲ್ಲ, ಎಷ್ಟೋ ಬಾರಿ ಸ್ಟ್ಯಾಂಡೂ ಇಲ್ಲ. ಹೋಗಬೇಕಾದ್ದು ಏಳುನೂರೈವತ್ತು ಕಿಲೋಮೀಟರು, ಮರೀನಾ ದಡದ ಮೇಲೆ ಒಂದು ಸುತ್ತು ಅಲ್ಲ.

ಸಾಮಾನ್ಯ ಸೈಕಲ್ಲಿನಲ್ಲಿ ದೂರ ಹೋಗುವುದೆಂದರೆ ಹುಡುಗಾಟವೇ ಎನ್ನುವವರಿಗೆ ಎರಡು ಮೂರು ನಿಜವಾದ ಸಂಗತಿಗಳನ್ನು ಜ್ಞಾಪಿಸುತ್ತೇವೆ. 1923ರ ಅಕ್ಟೋಬರಿನಲ್ಲಿ ಮುಂಬಯಿಯ ಆರು ಮಂದಿ ಪಾರಸಿ ತರುಣರು ಸೈಕಲ್ಲಿನ ಮೇಲೆ ಪ್ರಪಂಚ ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಂ, ಜಾಲ್ ಬಾಪಸೋಲಾ, ರುಸ್ತುಂ ಭೂಮ್‌ಗಾರ ಈ ಮೂವರು 44,000 ಮೈಲಿ ಮುಗಿಸಿ 1928ರಲ್ಲಿ ಮುಂಬಯಿಗೆ ಹಿಂದಿರುಗಿದರು. ಆ ಕಾಲದ ಸೈಕಲ್ಲು ಹೇಗಿದ್ದಿರಬೇಕೆಂದು ಊಹಿಸಿಕೊಳ್ಳಿ. ಬಂಗಾಳದ ರಾಮನಾಥ ಬಿಸ್ವಾಸರು 1931ರಲ್ಲಿ ಸಿಂಗಪುರದಿಂದ ಹೊರಟಾಗ ಅವರ ಬಳಿ ಇದ್ದದ್ದು ಒಂದು ಜೊತೆ ಚಪ್ಪಲಿ, ಎರಡು ಚಾದರ, ಸೈಕಲ್ ರಿಪೇರಿಯ ಸಾಮಾನು. ಚಾದರಕ್ಕಿಂತ ಹೆಚ್ಚಿನ ಬಟ್ಟೆಬರೆ ಬೇಡವೆಂದು ಬಿಟ್ಟವರು ರಿಪೇರಿ ಸಾಮಾನನ್ನು ಬಿಡಲಿಲ್ಲ, ಗಮನಿಸಬೇಕು. ಐರ್ಲೆಂಡಿನ ಡರ್ವ್ಲಾ ಮರ್ಫಿ ಎಂಬ ಮಹಿಳೆ 1963ರಲ್ಲಿ ತಮ್ಮ ದೇಶದಿಂದ ಇರಾನು, ಆಫ್ಘಾನಿಸ್ತಾನಗಳನ್ನು ಹಾದು ದೆಹಲಿಗೆ ಒಬ್ಬರೇ ಸೈಕಲ್ಲಿನ ಮೇಲೆ ಬಂದರು. ಅವರ ಸೈಕಲ್ಲಿಗೆ ಮೂರು ಗೇರು ಇತ್ತು. ಏಷ್ಯದ ರಸ್ತೆಗಳಿಗೆ ಅದು ತಾಳದೆಂದು ಹೊರಡುವ ಮೊದಲೇ ಕಳಚಿಸಿಬಿಟ್ಟರು. ಟೈರುಗಳನ್ನು ಮಾತ್ರ ದಾರಿಯ ಊರುಗಳಿಗೆ ಮುಂಗಡವಾಗಿ ಕಳುಹಿಸಿಟ್ಟಿದ್ದರು. ಗೇರು ತೆಗೆಸಿದ್ದು ಸರಿಯೋ ತಪ್ಪೋ, ಅದು ಬೇರೆ ಮಾತು. ಟೈರಿನ ವಿಷಯದಲ್ಲಿ ಆಕೆ ತೋರಿಸಿದ ಮುಂದಾಲೋಚನೆ ನಮಗೆ ಬಹಳ ಹಿಡಿಸಿತು.

ಹಾಗಾದರೆ ದುಡ್ಡು ಎಲ್ಲಿ ಸುರಿಯಬೇಕು? ಚಕ್ರಕ್ಕೆ, ಮೊದಲು ಹಿಂದಿನ ಚಕ್ರಕ್ಕೆ. ಸವಾರನ ಭಾರದಲ್ಲಿ ಬಹುಪಾಲೂ, ಕ್ಯಾರಿಯರಿನ ಭಾರವೂ, ಚೈನಿನ ಎಳೆತವೂ ಅದರ ಮೇಲೆಯೇ. ನಮ್ಮ ಸಾಮಾನ್ಯ ಸೈಕಲ್ಲಿನ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿ ಹಾಕಿರುವುದು ಸುಮ್ಮನೆ ಅಲ್ಲ. ಕಡ್ಡಿ ಮುರಿಯುವುದು ಬಿಗಿಯಾಗಿರುವುದರಿಂದ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಮುರಿಯುವುದು ಸಡಿಲವಾದದ್ದು. ಚಕ್ರ ಸುತ್ತಿದಂತೆಲ್ಲ ಅದು ಒಮ್ಮೆ ಎಳೆದು ಒಮ್ಮೆ ಬಿಟ್ಟು, ಹಬ್ಬಿನ ತೂತಿನಲ್ಲಿ ಬಾಗುವ ಕೊಕ್ಕೆಯ ಹತ್ತಿರ ಬಳಲಿ ತುಂಡಾಗುತ್ತದೆ. ಒಂದು ಹೋದರೆ ಅದರ ಪಾಲಿನ ಭಾರ ಅಕ್ಕಪಕ್ಕದವುಗಳಿಗೆ. ಆದ್ದರಿಂದ ಹೊರಡುವ ಎರಡು ವಾರ ಮೊದಲು ಬಲ್ಲವರ ಕೈಯಲ್ಲಿ ಚಕ್ರವನ್ನು ಬೆಂಡು ತೆಗೆಸಿ, ಎಲ್ಲ ಕಡ್ಡಿಗಳನ್ನೂ ಒಂದೇ ಸಮ ಬಿಗಿ ಮಾಡಿಸಿ, ಒಂದು ವಾರ ಓಡಿಸಿ, ಮತ್ತೆ ತೋರಿಸಬೇಕು. ಎರಡನೆಯ ಬಾರಿ ತೋರಿಸುವುದನ್ನೇ ಜನ ಮರೆಯುತ್ತಾರೆ. ಕಡ್ಡಿಗಳ ಮೇಲೆ ಬೆರಳು ಆಡಿಸಿ ಅವುಗಳ ನಾದ ಕೇಳಿ ಬಿಗಿ ಹೇಳುವ ಹಿರಿಯ ಫಿಟ್ಟರುಗಳು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗೆ ಒಂದು ಕಾಫಿ ಕುಡಿಸಿ ಕೇಳಿಕೊಂಡರೆ ಬೇಡವೆನ್ನುವವರಲ್ಲ.

ಟೈರು ಹೊಸದಿರಲಿ. ಹಳೆಯದರ ಪಕ್ಕದ ಗೋಡೆಯಲ್ಲಿ ನೂಲು ಕಾಣುತ್ತಿದ್ದರೆ ನೋಡುವುದೇ ಬೇಡ. ಮಿಲ್ಲಿನಲ್ಲಿ ದುಡಿದವರಿಗೆ ನೂಲಿನ ಆಯುಷ್ಯ ನಾವು ಹೇಳಿಕೊಡಬೇಕಾಗಿಲ್ಲ. ಮುಂದಿನ ಚಕ್ರದ ಟೈರು ಅರೆ ಹಳೆಯದಾದರೂ ನಡೆದೀತು, ಹಿಂದಿನದು ಅಲ್ಲ ಎಂದು ಕೆಲವರ ವಾದ. ನಾವು ಒಪ್ಪುವುದಿಲ್ಲ. ಹಿಂದಿನ ಟೈರು ಸಿಡಿದರೆ ಸೈಕಲ್ಲು ತೊನೆದಾಡಿ ನಿಲ್ಲುತ್ತದೆ, ಮುಂದಿನದು ಇಳಿಜಾರಿನಲ್ಲಿ ಸಿಡಿದರೆ ಹ್ಯಾಂಡಲೇ ಕೈಯಲ್ಲಿ ನಿಲ್ಲುವುದಿಲ್ಲ.

ಏರಿನ ಲೆಕ್ಕಕ್ಕೆ ಬರೋಣ. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇರುವ ಸೈಕಲ್ಲಿನ ಪೆಡಲು ಒಂದು ಸುತ್ತು ಬಂದರೆ ಸುಮಾರು ಐದೂವರೆ ಮೀಟರು ಮುಂದೆ ಹೋಗುತ್ತೇವೆ. ಬೆಂಗಳೂರು ತಲಪುವ ಹೊತ್ತಿಗೆ ಇಂಥ ಸುತ್ತುಗಳು ಅರವತ್ತು ಸಾವಿರಕ್ಕೂ ಮೇಲಾಗುತ್ತವೆ. ಚೆನ್ನೈಯ ಸಪಾಟು ಬೀದಿಗೆ ಆ ಐದೂವರೆ ಮೀಟರು ಹಿತವಾಗಿದೆ. ಸಾಮಾನು ಹೇರಿಕೊಂಡು ಏರು ಹತ್ತುವಾಗ ಅದೇ ಮಂಡಿಯನ್ನು ಕೊಲ್ಲುತ್ತದೆ. ಹಿಂದಿನ ಫ್ರೀವೀಲನ್ನು ತೆಗೆಸಿ 22 ಹಲ್ಲಿನದನ್ನು ಹಾಕಿಸಿದರೆ ಸುತ್ತಿಗೆ ನಾಲ್ಕೂವರೆ ಮೀಟರಿನಷ್ಟು ಬರುತ್ತದೆ. ವೇಗ ಕಡಿಮೆಯಾದರೂ ಕಾಲು ಹಗುರವಾಗುತ್ತದೆ. 22 ಸಿಕ್ಕದಿದ್ದರೆ 20 ಆದರೂ ಆಗಲಿ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾದೀತು. ಇಪ್ಪತ್ತೊಂದು ಗೇರಿಗೆ ಕೊಡುವ ಹಣದಲ್ಲಿ ಇಂಥ ಫ್ರೀವೀಲುಗಳನ್ನು ನಮ್ಮ ಸಂಘಕ್ಕೆಲ್ಲ ಹಂಚಬಹುದು. ಅದಕ್ಕೂ ಮೀರಿದ ಏರು ಬಂದರೆ ಇಳಿದು ತಳ್ಳಿಕೊಂಡು ನಡೆಯುವುದು. ತಳ್ಳುವುದಕ್ಕೆ ನಾಚಿಕೆಪಡುವವರು ಮನೆಯಲ್ಲಿಯೇ ಇರುವುದು ವಾಸಿ.

ಬ್ರೇಕಿನ ವಿಷಯದಲ್ಲಿ ಮಾತ್ರ ನಾವು ಹಳೆಯ ಸೈಕಲ್ಲಿನ ಪರವಾಗಿ ಪೂರ್ತಿ ವಕಾಲತ್ತು ವಹಿಸಲಾರೆವು. ಸರಳಿನ ಬ್ರೇಕು ಕಬ್ಬಿಣದ ರಿಮ್ಮನ್ನು ಒಳಗಡೆಯಿಂದ ಒತ್ತಿ ಹಿಡಿಯುತ್ತದೆ. ಒಣ ರಸ್ತೆಯಲ್ಲಿ ಸಾಧಾರಣವಾಗಿ ಹಿಡಿಯುತ್ತದೆ. ರಿಮ್ಮು ನೆನೆದರೆ ಹಿಡಿತ ಬಹಳ ಮಟ್ಟಿಗೆ ಹೋಗುತ್ತದೆ; ಮೆರುಗಿನ ಕಬ್ಬಿಣದ ಮೇಲೆ ರಬ್ಬರು ನೀರಿನಲ್ಲಿ ಜಾರುತ್ತದೆ. ಶಿರಾಡಿಯಲ್ಲಿ ದೋಣಿಗಾಲಿನಿಂದ ಅಡ್ಡಹೊಳೆಯವರೆಗೆ 26 ಕಿಲೋಮೀಟರು. ಸವಾರ 60 ಕಿಲೋ, ಸೈಕಲ್ಲು 22, ಸಾಮಾನು 12. ಒಟ್ಟು 94 ಕಿಲೋ ಭಾರವನ್ನು ನಾಲ್ಕು ತುಂಡು ರಬ್ಬರು ಹಿಡಿಯಬೇಕು. ಎದುರಿನಿಂದ ಮಂಗಳೂರಿನ ಟ್ಯಾಂಕರುಗಳು ಬರುತ್ತಿರುತ್ತವೆ, ಹಿಂದಿನಿಂದ ಬಸ್ಸು. ಬ್ರೇಕಿನ ರಬ್ಬರುಗಳನ್ನು ಬೆಂಗಳೂರಿನಲ್ಲಿಯೇ ಹೊಸದು ಹಾಕಿಸಿ, ಇನ್ನೊಂದು ಜೊತೆಯನ್ನು ಚೀಲದಲ್ಲಿ ಇಟ್ಟುಕೊಳ್ಳಬೇಕು. ಸರಳುಗಳ ಪ್ರತಿಯೊಂದು ನಟ್ಟನ್ನೂ ಸಕಲೇಶಪುರದಲ್ಲಿ ಕೈಯಿಂದ ಮುಟ್ಟಿ ನೋಡಬೇಕು. ಇಳಿಯುವಾಗ ವೇಗ ಏರಿದ ಮೇಲೆ ಬ್ರೇಕು ಹುಡುಕುವುದಲ್ಲ. ಮೊದಲಿನಿಂದಲೇ ವೇಗವನ್ನು ಏರಗೊಡಬಾರದು. ನಾಲ್ಕೈದು ಕಿಲೋಮೀಟರಿಗೊಮ್ಮೆ ನಿಂತು ರಬ್ಬರನ್ನೂ ಬೆರಳುಗಳನ್ನೂ ಆರಿಸಿಕೊಳ್ಳಬೇಕು. ರಸ್ತೆ ಒದ್ದೆಯಾಗಿದ್ದರೆ ನಡೆದೇ ಇಳಿಯಬೇಕು. ಹಳೆಯ ಸೈಕಲ್ಲಿಗೆ ಅಲ್ಯೂಮಿನಿಯಂ ರಿಮ್ಮೂ ಪಕ್ಕದಿಂದ ಹಿಡಿಯುವ ತಂತಿ ಬ್ರೇಕೂ ಕೂರಿಸಿಕೊಡಬಲ್ಲ ಮಿಸ್ತ್ರಿ ಸಿಕ್ಕಿದರೆ ಆ ಖರ್ಚನ್ನು ನಾವು ದಂಡವೆನ್ನುವುದಿಲ್ಲ. ಶಿವಮೊಗ್ಗ, ತೀರ್ಥಹಳ್ಳಿಯ ಮೇಲೆ ಆಗುಂಬೆ ಇಳಿಯೋಣ, ನೋಟ ಚೆನ್ನಾಗಿದೆ ಎನ್ನುವವರೂ ಇದ್ದಾರೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಸರಳಿನ ಬ್ರೇಕು ಹಿಡಿದು ನೋಟ ನೋಡುವ ಧೈರ್ಯ ನಮಗಿಲ್ಲ.

ಸೀಟಿನ ಬಗ್ಗೆ ಎರಡು ಮಾತು. ಮೆತ್ತಗಿರುವ ದಪ್ಪ ಸೀಟು ಹತ್ತು ಕಿಲೋಮೀಟರು ಸುಖ. ಎಪ್ಪತ್ತು ಕಿಲೋಮೀಟರಿಗೆ ಅದೇ ತೊಡೆ ಉಜ್ಜಿ ಹುಣ್ಣು ಮಾಡುತ್ತದೆ. ಪಳಗಿದ ಚರ್ಮದ ಸೀಟಾದರೆ ಉತ್ತಮ, ಆದರೆ ಮಳೆಗೆ ಮುಚ್ಚಲು ಒಂದು ಪ್ಲಾಸ್ಟಿಕ್ ಚೀಲ ಜೊತೆಗಿರಲಿ. ಹೊಸ ಚರ್ಮದ ಸೀಟನ್ನು ಹಾಕಿಕೊಂಡು ಅದೇ ದಿನ ಹೊರಡಬಾರದು. ಎತ್ತರವನ್ನು ಹೀಗೆ ನೋಡಬೇಕು: ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲೆ ಇಟ್ಟರೆ ಕಾಲು ನೆಟ್ಟಗಾಗಬೇಕು. ನಮ್ಮವರಲ್ಲಿ ಮುಕ್ಕಾಲು ಪಾಲು ಜನ, ನಿಂತಾಗ ಎರಡು ಕಾಲೂ ನೆಲಕ್ಕೆ ಸಿಕ್ಕಬೇಕೆಂದು ಸೀಟನ್ನು ಇಳಿಸಿಕೊಂಡಿದ್ದಾರೆ. ಮಂಡಿನೋವಿಗೆ ಅದೇ ಮೂಲ.

ಹೋಟೆಲಿನ ಬಂಧುಗಳಿಗೆ ಇಲ್ಲಿ ವಿಶೇಷವಾಗಿ ಹೇಳುವುದಿದೆ. ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತೇ ಇರುವ ಸಪ್ಲೈಯರುಗಳ ಕಾಲಿನಲ್ಲಿ ನರ ಉಬ್ಬಿರುವುದು ಅಪರೂಪವಲ್ಲ. ಅಂಥವರು ಡಾಕ್ಟರಿಗೆ ತೋರಿಸದೆ ಹೊರಡಬಾರದು. ತಟ್ಟೆ ತೊಳೆಯುವವರ, ಹಿಟ್ಟಿನ ಕೆಲಸದವರ ಕೈ ಸದಾ ನೀರಿನಲ್ಲಿದ್ದು ಮೆತ್ತಗಾಗಿರುತ್ತದೆ. ಬರಿ ಹ್ಯಾಂಡಲು ಹಿಡಿದರೆ ಎರಡನೆಯ ದಿನಕ್ಕೆ ಅಂಗೈ ಸುಲಿಯುತ್ತದೆ, ಕಿರುಬೆರಳು ಜೋಮು ಹಿಡಿಯುತ್ತದೆ. ಹಳೆಯ ಟ್ಯೂಬನ್ನು ಸೀಳಿ ಹ್ಯಾಂಡಲಿಗೆ ಸುತ್ತಿ, ಅದರ ಮೇಲೆ ಹತ್ತಿಯ ಬಟ್ಟೆಯ ಪಟ್ಟಿ ಸುತ್ತಿದರೆ ಸಾಕು. ಮಿಲ್ಲಿನ ಧೂಳು ಕುಡಿದ ಹಿರಿಯರು ಎದೆ ಪರೀಕ್ಷೆ ಮಾಡಿಸಿಕೊಳ್ಳಲಿ. ಶೂಲಗಿರಿಯ ಏರಿನಲ್ಲಿ ಮಾಡಿಸಿಕೊಳ್ಳುವುದು ಬೇಡ.

ಭಾರ ಕಟ್ಟುವುದನ್ನು ಹೇಳಿಕೊಡಲು ನಮಗೆ ಸಂಕೋಚವಾಗುತ್ತದೆ. ಎಡಗೈ ಮೇಲೆ ಏಳು ದೋಸೆಯ ತಟ್ಟೆ ಹೇರಿಕೊಂಡು ಕಿಕ್ಕಿರಿದ ಜನದ ನಡುವೆ ನುಸುಳಿ ಬರುವವರಿಗೆ ಸಮತೋಲನದ ಪಾಠವೇ? ಆದರೂ ಒಂದು ಮಾತು. ಭಾರವೆಲ್ಲವನ್ನೂ ಕ್ಯಾರಿಯರಿನ ಮೇಲೆ ಗೋಪುರದಂತೆ ಕಟ್ಟಬೇಡಿ. ಹಿಂದಿನ ಚಕ್ರದ ಎರಡು ಮಗ್ಗುಲಿಗೂ ಒಂದೊಂದು ಚೀಲ, ಎರಡೂ ಒಂದೇ ತೂಕ, ಹಬ್ಬಿಗೆ ಎಷ್ಟು ಹತ್ತಿರವಾದರೆ ಅಷ್ಟು ಒಳ್ಳೆಯದು. ಪೇಟೆಯಲ್ಲಿ ಮಾರುವ ಪ್ರವಾಸದ ಚೀಲ ಬೇಡ. ಒಳ್ಳೆಯ ಕ್ಯಾನ್‌ವಾಸು ಕೊಂಡು ಹೊಲಿಸಬಹುದು, ಒಳಗೆ ದಪ್ಪ ಪ್ಲಾಸ್ಟಿಕ್ಕು. ಚೀಲದ ಕೆಳತುದಿಯನ್ನು ಕ್ಯಾರಿಯರಿನ ಸರಳಿಗೆ ಕಟ್ಟದಿದ್ದರೆ ಅದು ಕಡ್ಡಿಗಳ ನಡುವೆ ಸಿಕ್ಕಿ ಚಕ್ರವನ್ನೇ ನಿಲ್ಲಿಸುತ್ತದೆ. ಬಟ್ಟೆ ಎರಡು ಜೊತೆ, ಪಂಚೆ, ಟವಲು, ಒಂದು ಕಂಬಳಿ. ಊರಿಗೆ ಒಯ್ಯುವ ಸೀರೆ, ಮಕ್ಕಳ ಆಟಿಕೆ, ಪಾತ್ರೆಗಳನ್ನು ಪಾರ್ಸೆಲ್ ಮಾಡಿರಿ. ಹಿಂದಿನ ಚೀಲದಲ್ಲಿ ಅಕ್ಕನ ಮಗಳ ಮದುವೆಯ ಕುಕ್ಕರು ಇಟ್ಟುಕೊಂಡು ಘಾಟಿ ಇಳಿಯುವುದು ಸಾಹಸವೆನಿಸದು.

ರಿಪೇರಿ ಸಾಮಾನಿನಲ್ಲಿ ಕೃಪಣತನ ಸಲ್ಲದು. ಗಾಳಿ ಪಂಪು, ಎರಡು ಟ್ಯೂಬು, ಪಂಕ್ಚರ್ ತುಂಡುಗಳು, ಹೊಸ ಸೊಲ್ಯೂಷನ್ ಟ್ಯೂಬು, ಮರಳು ಕಾಗದ. ಒಡೆದ ಸೊಲ್ಯೂಷನ್ ಟ್ಯೂಬು ತಿಂಗಳಲ್ಲಿ ಒಣಗಿಹೋಗುವುದರಿಂದ ಹಳೆಯದನ್ನು ನಂಬಬೇಡಿ. ಗೇಣುದ್ದ ವಾಲ್‌ಟ್ಯೂಬು, ಬೆಲೆ ಲೆಕ್ಕಕ್ಕಿಲ್ಲ, ಇಲ್ಲದಿದ್ದರೆ ಸವಾರಿಯೇ ಇಲ್ಲ. ಹಿಂದಿನ ಚಕ್ರದ ಕಡ್ಡಿ ಆರು, ಚೌಕಟ್ಟಿನ ಕೊಳವೆಗೆ ಅಂಟುಪಟ್ಟಿಯಿಂದ ಸುತ್ತಿಟ್ಟರೆ ಜಾಗ ತಿನ್ನುವುದಿಲ್ಲ. ಕಾಟರ್ ಪಿನ್ನು ಎರಡು. ಪೆಡಲಿನ ತೋಳು ಲಟಕ್ ಎಂದು ಸದ್ದು ಮಾಡತೊಡಗಿದರೆ ಆ ಪಿನ್ನು ಸವೆದಿದೆಯೆಂದೇ ಅರ್ಥ. ಇನ್ನೂ ಹತ್ತು ಕಿಲೋಮೀಟರು ನೋಡೋಣವೆಂದು ತುಳಿದರೆ ಆಕ್ಸಲೂ ಹಾಳಾಗುತ್ತದೆ. ಚೈನಿನ ಕೊಂಡಿ, ಬಾಲ್ಸು ಒಂದು ಡಬ್ಬಿ, ಎರಡು ಸ್ಪ್ಯಾನರು, ಕಡ್ಡಿ ಬಿಗಿಯುವ ಚಾವಿ, ಎಣ್ಣೆ. ಮೂವರು ಸೇರಿ ಹೋದರೆ ಇವನ್ನು ಹಂಚಿಕೊಳ್ಳಬಹುದು. ಆದರೆ ಮೂವರದೂ ಒಂದೇ ಅಳತೆಯ ಚಕ್ರವಾಗಿರಬೇಕು. ಒಬ್ಬನದು ಇಪ್ಪತ್ತೆಂಟು, ಒಬ್ಬನದು ಇಪ್ಪತ್ತಾರು, ಒಬ್ಬನದು ಏನೋ ಹೊಸ ನಂಬರು ಆದರೆ ಮೂರು ಅಂಗಡಿ ಹೊತ್ತು ತಿರುಗಬೇಕಾಗುತ್ತದೆ.

ದೀಪ, ಹಿಂದೆ ಕೆಂಪು ಗಾಜು, ಮೈಮೇಲೆ ಬೆಳಕಿಗೆ ಹೊಳೆಯುವ ಪಟ್ಟಿಯ ಅಂಗಿ, ಬಲಗಡೆ ಒಂದು ಚಿಕ್ಕ ಕನ್ನಡಿ. ಡೈನಮೋ ದೀಪ ನಿಂತೊಡನೆ ಆರುವುದರಿಂದ ಬ್ಯಾಟರಿ ದೀಪವೂ ಇರಲಿ. ದೀಪವಿದೆಯೆಂದು ರಾತ್ರಿ ಹೊರಡುವುದಲ್ಲ. ಕತ್ತಲಾಗುವುದರೊಳಗೆ ಊರು ಸೇರಲಾಗದೆ ಹೋದ ದಿನಕ್ಕೆ ಇವು. ಹೆದ್ದಾರಿಯ ಲಾರಿ ಚಾಲಕರು ಕೂಡ ನಮ್ಮಂತೆಯೇ ನಿದ್ದೆಗೆಟ್ಟ ಕೂಲಿಕಾರರು ಎಂಬುದನ್ನು ಮರೆಯಬಾರದು.

ಹೊಟ್ಟೆಯ ವಿಷಯ ಹೋಟೆಲಿನವರಿಗೆ ಬಿಡುತ್ತೇವೆ. ಅವಲಕ್ಕಿ, ಬೆಲ್ಲ, ಹುರಿಗಡಲೆ ಇದ್ದರೆ ಎಲ್ಲಿಯೂ ಊಟ. ನೀರು ಮೂರು ಲೀಟರಿಗೆ ಕಡಿಮೆ ಬೇಡ. ಬಿಸಿಲಿಗೆ ತಲೆ ಸುತ್ತಿದರೆ ಒಂದು ಲೀಟರು ನೀರಿಗೆ ಸಮತಟ್ಟಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಕುಡಿಯಬೇಕು.

ಇಷ್ಟೆಲ್ಲ ಸಾಮಾನಿಗಿಂತ ದೊಡ್ಡ ಸಾಮಾನೊಂದು ಅಂಗಡಿಯಲ್ಲಿ ಸಿಕ್ಕುವುದಿಲ್ಲ. ಅದು ರಜೆ. ದಿನಕ್ಕೆ ಎಪ್ಪತ್ತು ಕಿಲೋಮೀಟರಿನಂತೆ ಕಾಂಚೀಪುರ, ವೇಲೂರು, ವಾಣಿಯಂಬಾಡಿ, ಕೃಷ್ಣಗಿರಿ, ಹೊಸೂರುಗಳಲ್ಲಿ ತಂಗಿ ಆರನೆಯ ದಿನ ಬೆಂಗಳೂರು. ಒಂದು ದಿನ ವಿಶ್ರಾಂತಿ. ಉಡುಪಿಗೆ ಇನ್ನಾರು ದಿನ. ಹಿಂದಕ್ಕೆ ಬರುವಾಗ ಶಿರಾಡಿ ಹತ್ತುವ ಹಟ ಬೇಡ. ಮಂಗಳೂರು ಮೈಲಿನ ಬ್ರೇಕ್ ವ್ಯಾನಿಗೆ ಸೈಕಲ್ಲನ್ನು ಬುಕ್ ಮಾಡಿ ಹತ್ತಿದರೆ ಮರುದಿನ ಬೆಳಗ್ಗೆ ಸೆಂಟ್ರಲ್ ಸ್ಟೇಷನ್ನು. ಬುಕ್ ಮಾಡುವ ಮೊದಲು ಪಂಪು, ದೀಪ ಕಳಚಿಟ್ಟುಕೊಂಡು, ಹೆಸರು ವಿಳಾಸ ಬರೆದ ಬಟ್ಟೆಯನ್ನು ಎರಡು ಕಡೆ ಕಟ್ಟಬೇಕು. ಒಟ್ಟು ಹದಿನೈದು ದಿನವಾದರೂ ಬೇಕೇ ಬೇಕು. ಎಂಟು ದಿನದ ರಜೆಯಲ್ಲಿ ಹೋಗಿ ಬರುತ್ತೇನೆಂದು ಹೊರಟವನು ರಾತ್ರಿಯೂ ತುಳಿಯುತ್ತಾನೆ, ಒದ್ದೆ ರಸ್ತೆಯಲ್ಲಿಯೂ ಇಳಿಯುತ್ತಾನೆ, ಲಟಗುಟ್ಟುವ ಪೆಡಲನ್ನೂ ತುಳಿಯುತ್ತಾನೆ. ನಮ್ಮ ಹೋಟೆಲುಗಳಲ್ಲಿ ಸಾಹುಕಾರರು ಸಾಮಾನ್ಯವಾಗಿ ರಜೆಯನ್ನು ಎರಡು ದಿನ ಮೂರು ದಿನವೆಂದು ಚೂರು ಮಾಡಿ ಕೊಡುತ್ತಾರೆ. ನ್ಯಾಯವಾಗಿ ಬರಬೇಕಾದ ಸಂಬಳದ ರಜೆಯನ್ನು ಒಟ್ಟಿಗೆ ಕೊಡಬೇಕೆಂದು ಸಂಘ ಕೇಳಬೇಕು. ಒಬ್ಬೊಬ್ಬರೇ ಗಲ್ಲಾದ ಮುಂದೆ ನಿಂತು ಕೇಳಿದರೆ ಸಿಕ್ಕುವುದಿಲ್ಲ. ಇದೇ ಊರಿನಲ್ಲಿ 1918ರಲ್ಲಿ ಬಿನ್ನಿ ಮಿಲ್ಲಿನ ಕೂಲಿಕಾರರು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದಾಗಿನಿಂದ ಈ ಮಾತು ಗೊತ್ತಿದೆ.

ಕಾಲದ ಪ್ರಶ್ನೆಯಲ್ಲಿ ದೇವರ ದಯೆ ನಮ್ಮ ಕಡೆಗಿದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಚೆನ್ನೈಯಲ್ಲಿ ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಘಟ್ಟದಲ್ಲಿ ಮಳೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ವೇಲೂರಿನ ರಸ್ತೆ ಬಾಣಲೆಯಂತಿರುತ್ತದೆ. ಎರಡೂ ಮಳೆ ತಪ್ಪಿಸಿ ತಂಪು ಉಳಿದಿರುವುದು ಜನವರಿಯಲ್ಲಿ. ಪರ್ಯಾಯ ಬರುವುದೂ ಎರಡು ವರ್ಷಕ್ಕೊಮ್ಮೆ ಜನವರಿ 18ರಂದೇ. ಜನವರಿ ಮೂರರೊಳಗೆ ಹೊರಟರೆ ಒಂದೆರಡು ದಿನ ಕೈಯಲ್ಲಿ ಮಿಗುತ್ತದೆ.

ಕಂತಿನ ಕಾಗದಕ್ಕೆ ಬದಲಾಗಿ ನಮ್ಮದೊಂದು ಸೂಚನೆ. ಮೇಲೆ ಹೇಳಿದ ರಿಪೇರಿ ಸಾಮಾನನ್ನು, ಹೊಲಿಸಿದ ನಾಲ್ಕು ಜೊತೆ ಚೀಲಗ��ನ್ನು, ನಾಲ್ಕು ಹೊಳೆಯುವ ಅಂಗಿಗಳನ್ನು ಸಂಘವೇ ಕೊಂಡು ಒಂದು ಪೆಟ್ಟಿಗೆಯಲ್ಲಿಡಲಿ. ಹೋಗುವವರು ಸಣ್ಣ ಠೇವಣಿ ಇಟ್ಟು ಒಯ್ದು, ಬಂದ ಮೇಲೆ ಹಿಂದಿರುಗಿಸಲಿ. ಖರ್ಚಾದ ಕಡ್ಡಿಗೂ ಟ್ಯೂಬಿಗೂ ಮಾತ್ರ ದುಡ್ಡು ಕೊಡಲಿ. ಮಿಲ್ಲಿನ ಹಿರಿಯ ಫಿಟ್ಟರುಗಳಲ್ಲಿ ಇಬ್ಬರು ಭಾನುವಾರ ಮಧ್ಯಾಹ್ನ ಸಂಘದ ಜಗಲಿಯಲ್ಲಿ ಕೂತು ಹೊರಡುವವರ ಸೈಕಲ್ಲುಗಳನ್ನು ನೋಡಿ, ಸರಿಯಿದೆಯೆಂದ ಮೇಲೆಯೇ ಪೆಟ್ಟಿಗೆಯ ಸಾಮಾನು ಕೊಡಬೇಕು. ಹೊರಡುವ ಮೊದಲು ಪೂರ್ತಿ ಭಾರ ಹೇರಿಕೊಂಡು ವಾರದ ರಜೆಯಲ್ಲಿ ಮಾಮಲ್ಲಪುರಕ್ಕೆ ಒಮ್ಮೆ ಹೋಗಿ ಬರಲಿ; ಹೋಗುವುದಕ್ಕೆ ಐವತ್ತೈದು ಕಿಲೋಮೀಟರು, ಬರುವುದಕ್ಕೂ ಅಷ್ಟೇ. ಸಡಿಲವಾಗುವುದೆಲ್ಲ ಆ ದಾರಿಯಲ್ಲಿ ಸಡಿಲವಾಗಲಿ. ಏನು ಮುರಿಯಿತು, ಯಾವ ಊರಿನಲ್ಲಿ ರಿಪೇರಿಯಾಯಿತು, ಎಷ್ಟು ತೆಗೆದುಕೊಂಡರು ಎಂಬುದನ್ನು ಬರೆಯಲು ಪೆಟ್ಟಿಗೆಯಲ್ಲಿ ಒಂದು ನೋಟುಬುಕ್ಕೂ ಇರಲಿ.

ಈ ಸೂಚನೆಯನ್ನು ಮುಂದಿನ ಕಾರ್ಯಕಾರಿ ಸಮಿತಿಯ ಮುಂದೆ ಇಡುತ್ತೇವೆ. ಹೋಗುವ ಮನಸ್ಸುಳ್ಳವರು ತಮ್ಮ ಹೆಸರು, ಚಕ್ರದ ಅಳತೆ, ರಜೆಯ ದಿನಗಳನ್ನು ದೀಪಾವಳಿಯ ಒಳಗೆ ಕಾರ್ಯದರ್ಶಿಗಳಿಗೆ ಬರೆದುಕೊಡಬೇಕು. ಸಂಘದ ಹಿಂದಿನ ಕೋಣೆಯಲ್ಲಿ ಹಳೆಯ ಮರದ ಪೆಟ್ಟಿಗೆಯೊಂದು ಖಾಲಿ ಬಿದ್ದಿದೆ. ಅದಕ್ಕೊಂದು ಬೀಗ ಮಾತ್ರ ಕೊಳ್ಳಬೇಕು.